ಪಾಠ ಬಿಟ್ಟು ಕಂಪನಿಗೆ ಹೋದರೆ ಭೌತವಿಜ್ಞಾನ ಬಿಟ್ಟಂತೆಯೇ?

(ಸಲಹೆ ಕೇಳಿ ನನ್ನ ಬಳಿ ಬಂದವರೊಬ್ಬರ ಕಥೆ ಇದು. ಗುರುತು ಸಿಗದಂತೆ ವಿವರ ಬದಲಿಸಿ, ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಮಂಡ್ಯ ಕಡೆಯ ರೈತರ ಮಗಳು, ವಯಸ್ಸು ಮೂವತ್ತೆರಡು. ಮಾನಸಗಂಗೋತ್ರಿಯಲ್ಲಿ ಘನಸ್ಥಿತಿ ಭೌತವಿಜ್ಞಾನದಲ್ಲಿ (ಘನವಸ್ತುಗಳ ಗುಣಗಳ ಅಧ್ಯಯನ) ಪಿಎಚ್‌ಡಿ ಮಾಡಿ ಮೈಸೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದರು. ವರ್ಷವರ್ಷವೂ ಹೊಸ ಅರ್ಜಿ, ರಜೆಯಲ್ಲಿ ಸಂಬಳವಿಲ್ಲ. ಈಗ ಬೆಂಗಳೂರಿನ ಸೆಮಿಕಂಡಕ್ಟರ್ ಕಂಪನಿಯಿಂದ ಆಫರ್ ಬಂದಿತ್ತು. ಅಂದಿನಿಂದ ನಿದ್ದೆಯಿಲ್ಲ.

ಫೈಲು ಬಿಚ್ಚಿ ಆಫರ್ ಲೆಟರನ್ನು ಮೇಜಿನ ಮೇಲಿಟ್ಟರು, ಪ್ರಬಂಧದ ಮುಖಪುಟದ ಮೇಲೆ ಕೈಯಿಟ್ಟುಕೊಂಡೇ ಕೇಳಿದರು: "ಇದಕ್ಕೆ ಸಹಿ ಹಾಕಿದ್ರೆ ನಾನು ಫಿಸಿಸಿಸ್ಟ್ ಅಂತ ಹೇಳ್ಕೊಳ್ಳೋಕಾಗತ್ತಾ ಮೇಡಂ?" ಅಪ್ಪನ ಮಾತು ಇನ್ನೊಂದು ಕಡೆ ಚುಚ್ಚುತ್ತಿತ್ತು: "ನನ್ ಮಗ್ಳು ಲೆಕ್ಚರರ್ ಅಂತ ಊರೆಲ್ಲ ಹೇಳ್ಕಂಡಿವ್ನಿ ಕಣವ್ವ."

ಹಣದ ಲೆಕ್ಕ ಅವರಿಗೆ ಸ್ಪಷ್ಟವಿತ್ತು. ಕಾಡುತ್ತಿದ್ದುದು ಗುರುತು ಕಳೆದುಹೋಗುವ ಭಯ. ಹಾಗಾಗಿ ಅಮೆರಿಕದ ಭೌತವಿಜ್ಞಾನಿ ಶರ್ಲಿ ಆನ್ ಜಾಕ್ಸನ್ ಅವರ ವೃತ್ತಿಜೀವನ ವಿವರಿಸಿದೆ. 1973ರಲ್ಲಿ ಎಂಐಟಿ ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದಲ್ಲಿ ಡಾಕ್ಟರೇಟ್. 1976ರಿಂದ ಬೆಲ್ ಲ್ಯಾಬ್ಸ್ ಎಂಬ ಕಂಪನಿಯ ಪ್ರಯೋಗಾಲಯದಲ್ಲಿ, ನನ್ನೆದುರು ಕೂತಿದ್ದವರ ಕ್ಷೇತ್ರಕ್ಕೆ ಹತ್ತಿರದ ಸಂಶೋಧನೆ. 1991ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ, 1995ರಲ್ಲಿ ಅಮೆರಿಕದ ಪರಮಾಣು ನಿಯಂತ್ರಣ ಆಯೋಗದ ಅಧ್ಯಕ್ಷೆ, 1999ರಿಂದ 2022ರವರೆಗೆ ರೆನ್ಸೆಲೇರ್ ಎಂಬ ತಾಂತ್ರಿಕ ವಿಶ್ವವಿದ್ಯಾಲಯದ ಮುಖ್ಯಸ್ಥೆ. ನಮ್ಮ ತುಮಕೂರಿನ ರಾಜಾ ರಾಮಣ್ಣನವರೂ ಅಣುವಿಜ್ಞಾನದಿಂದ 1990ರಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರಾದವರು. ಇವರೆಲ್ಲ ಅಪರೂಪದವರು, ಅವರೊಂದಿಗೆ ನಿಮ್ಮನ್ನು ತೂಗಿಕೊಳ್ಳಬೇಡಿ ಎಂದೂ ಹೇಳಿದೆ. ಕಂಪನಿಗೆ ಹೋದವರಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿಯೇಬಿಡುತ್ತದೆ ಎಂಬ ಅವರ ನಂಬಿಕೆಯನ್ನು ಅಲುಗಿಸುವುದಷ್ಟೇ ನನಗೆ ಬೇಕಿತ್ತು.

ಆದರೆ ನಮ್ಮಲ್ಲಿ ಮರಳುವ ದಾರಿ ಕಿರಿದು. ಅದನ್ನು ಮುಚ್ಚಿಡುವುದು ತಪ್ಪು. ಆದ್ದರಿಂದ ಸಹಿ ಹಾಕುವ ಮುನ್ನ ಕಂಪನಿಯವರನ್ನು ನೇರವಾಗಿ ಕೇಳಿ ಎಂದೆ: ಲೇಖನ ಪ್ರಕಟಿಸಲು ಬಿಡುತ್ತಾರೆಯೇ? ಪೇಟೆಂಟಿನಲ್ಲಿ ನಿಮ್ಮ ಹೆಸರಿರುತ್ತದೆಯೇ? ಸಮ್ಮೇಳನಗಳಿಗೆ ಕಳಿಸುತ್ತಾರೆಯೇ? ಗೈಡ್ ಜೊತೆಗಿನ ಅರ್ಧಕ್ಕೆ ನಿಂತ ಲೇಖನವನ್ನು ಸೇರುವ ಮೊದಲೇ ಮುಗಿಸಿ. ಇಡೀ ಆಯುಷ್ಯದ ತೀರ್ಮಾನ ಇಂದೇ ಬೇಡ, ಮುಂದಿನ ಮೂರು ವರ್ಷದ್ದು ಸಾಕು. ನಿದ್ದೆ ಹೀಗೇ ಕೆಟ್ಟರೆ ವೈದ್ಯರನ್ನು ಕಾಣಲೇಬೇಕು.

ಲೇಖನದ ವಿಷಯದಲ್ಲಿ ಕಂಪನಿ ಲಿಖಿತವಾಗಿ ಒಪ್ಪಿತು, ಅವರು ಸೇರಿದ್ದಾರೆ. ಅಪ್ಪನಿಗೆ ಇನ್ನೂ ಸಮಾಧಾನವಿಲ್ಲ. ಮುಂದಿನ ಭೇಟಿಗೆ ಅವರನ್ನೂ ಕರೆತರಲು ಹೇಳಿದ್ದೇನೆ.