ಮುಂಬೈಯಲ್ಲಿ ಥರಾವರಿ ಬಾರ್ ನೋಡಬೇಕು, ಎಲ್ಲಿಂದ ಶುರು ಮಾಡೋದು?

ಹುಬ್ಬಳ್ಳಿಯಿಂದ ಮೂವರು ಗೆಳೆಯರು ಬರುತ್ತಿದ್ದೀರಿ, ನಾಲ್ಕು ಸಂಜೆ ಬಿಡುವಿದೆ, ಬಜೆಟ್ ಸಾಧಾರಣ, ಒಬ್ಬರು ಕುಡಿಯುವುದಿಲ್ಲ. ಮುಂಬೈಯ ಬೇರೆ ಬೇರೆ ಥರದ ಬಾರ್, ರಾತ್ರಿ ತಿರುಗಾಟ ಎಲ್ಲ ನೋಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಪರ್ಮಿಟ್ ರೂಮಿನಿಂದ, ಅಂದರೆ ಸಾಧಾರಣ ಹೋಟೆಲ್-ಬಾರಿನಿಂದ ಶುರು ಮಾಡಿ. ಮೂವತ್ತನಾಲ್ಕನೇ ಮಹಡಿಯ ಬಾರ್ ಕೊನೆಗಿರಲಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಮೊದಲ ರಾತ್ರಿಯೇ ದುಬಾರಿ ಪಬ್‌ಗಳ ಲೋವರ್ ಪರೇಲ್‌ಗೆ ಹೋಗಿ ಪರ್ಸ್ ಖಾಲಿ ಮಾಡಿಕೊಂಡು, "ಇದೆಲ್ಲಾ ಬೆಂಗಳೂರಲ್ಲೂ ಇದೆಯಲ್ಲ ಮಾರಾಯ" ಅಂತ ಗೊಣಗುತ್ತಾರೆ. ಅವರು ಹೇಳುವುದು ಸುಳ್ಳೂ ಅಲ್ಲ.

ನಾನು ಕಾರ್ಕಳದ ಕಡೆಯವನು. ಕೆಲಸ ಫೋರ್ಟ್‌ನಲ್ಲಿ, ಮನೆ ಡೊಂಬಿವಲಿಯಲ್ಲಿ. ಹಾಗಾಗಿ ನನ್ನ ಉತ್ತರದಲ್ಲಿ ದಕ್ಷಿಣ ಮುಂಬೈ ಜಾಸ್ತಿ, ಅಂಧೇರಿ ಕಮ್ಮಿ. ಮತ್ತೆ ಊರಿನ ಅಭಿಮಾನವೂ ಸ್ವಲ್ಪ ಇದೆ, ಅಡ್ಜಸ್ಟ್ ಮಾಡಿಕೊಳ್ಳಿ.

ಪರ್ಮಿಟ್ ರೂಮ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. 1949ರ ಪಾನನಿಷೇಧ ಕಾಯ್ದೆ ಇಲ್ಲಿ ಇನ್ನೂ ಜಾರಿಯಲ್ಲಿದೆ. ಆಗ ಮೊರಾರ್ಜಿ ದೇಸಾಯಿ ಮುಂಬೈ ರಾಜ್ಯದ ಗೃಹಮಂತ್ರಿ. ಡಾಕ್ಟರ ಚೀಟಿ ಹಿಡಿದು, ಆರೋಗ್ಯಕ್ಕೆ ಬೇಕು ಅಂತ ಪರ್ಮಿಟ್ ಮಾಡಿಸಿಕೊಂಡವರಿಗೆ ಮಾತ್ರ ಎಣ್ಣೆ. ಉಳಿದವರು ಗೋವಾ ಮೂಲದ ಆಂಟಿಯರ ಮನೆಗಳಲ್ಲಿ ಕದ್ದು ಕುಡಿಯುತ್ತಿದ್ದರು. ಅದಕ್ಕೆ ಆಂಟಿ ಅಡ್ಡಾ ಅಂತಲೇ ಹೆಸರು. ಮುಂದೆ ನಿಷೇಧ ಸಡಿಲವಾಯಿತು, ಕಾಯ್ದೆ ಹೋಗಲಿಲ್ಲ. ಹೋಟೆಲಿನವರು ಒಂದು ಬದಿಯನ್ನು ಬೇರೆ ಮಾಡಿ, ಪರ್ಮಿಟ್ ಇದ್ದವರಿಗೆ ಮಾತ್ರ ಅಂತ ಕೋಣೆ ಇಟ್ಟರು. ಇವತ್ತಿಗೂ ಕಾನೂನಿನ ಲೆಕ್ಕದಲ್ಲಿ ಕುಡಿಯುವವನ ಹತ್ತಿರ ಪರ್ಮಿಟ್ ಇರಬೇಕು. ಒಂದು ದಿನದ್ದಕ್ಕೆ 5 ರೂಪಾಯಿ, ವರ್ಷದ್ದಕ್ಕೆ 100, ಜೀವಮಾನದ್ದಕ್ಕೆ 1000. ಬಾರ್‌ನಲ್ಲಿ ಯಾರೂ ಕೇಳುವುದಿಲ್ಲ ಅನ್ನಿ. ಆದರೆ ವಯಸ್ಸಿನ ವಿಷಯ ಹಾಗಲ್ಲ. ಬಿಯರ್, ವೈನ್‌ಗೆ 21, ವಿಸ್ಕಿ, ರಮ್ ಥರದ ಹಾಟ್ ಡ್ರಿಂಕ್ಸ್‌ಗೆ 25 ತುಂಬಿರಬೇಕು. ಸ್ವಲ್ಪ ದೊಡ್ಡ ಜಾಗಗಳಲ್ಲಿ ಆಧಾರ್ ಕಾರ್ಡ್ ಕೇಳುತ್ತಾರೆ. ಇಟ್ಟುಕೊಂಡಿರಿ.

ಈ ಪರ್ಮಿಟ್ ರೂಮುಗಳಲ್ಲಿ ಬಹುಪಾಲು ನಡೆಸುವವರು ನಮ್ಮ ಕಡೆಯವರೇ. ಮಂಗಳೂರು, ಉಡುಪಿ ಕಡೆಯ ಶೆಟ್ಟರು, ಪೂಜಾರಿಗಳು. ಹಿಂದಿನ ತಲೆಮಾರಿನಲ್ಲಿ ಹುಡುಗರು ಏಳನೇ ಕ್ಲಾಸೋ ಎಂಟನೇ ಕ್ಲಾಸೋ ಮುಗಿಸಿ ಮುಂಬೈ ಬಸ್ಸು ಹತ್ತುತ್ತಿದ್ದರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವುದು, ರಾತ್ರಿ ಕನ್ನಡ ನೈಟ್ ಸ್ಕೂಲ್. ಕೆಲವರು ಅಲ್ಲಿಂದಲೇ ವಕೀಲರಾದರು, ಕೆಲವರು ಕ್ಯಾಶ್ ಕೌಂಟರಿಗೆ ಬಂದರು, ಇನ್ನು ಕೆಲವರು ಆ ಹೋಟೆಲನ್ನೇ ಕೊಂಡರು. ಮುಂಬೈಯ ನೈಟ್‌ಲೈಫ್ ಅಂತ ಯಾರಾದರೂ ಭಾಷಣ ಬಿಗಿದರೆ ನನಗೆ ಮೊದಲು ನೆನಪಾಗುವುದು ಆ ನೈಟ್ ಸ್ಕೂಲುಗಳೇ.

ಯಾವ ಪರ್ಮಿಟ್ ರೂಮ್ ಅಂತ ಹೆಸರು ಹಿಡಿದು ಹುಡುಕಬೇಡಿ. ಫೋರ್ಟ್, ಗ್ರಾಂಟ್ ರೋಡ್, ದಾದರ್, ಘಾಟ್ಕೋಪರ್, ಯಾವ ಸ್ಟೇಷನ್ನಿನಲ್ಲಿ ಇಳಿದರೂ ಹತ್ತಿರದಲ್ಲೇ ಒಂದು ಇರುತ್ತದೆ. ಹೊರಗೆ 'ಫ್ಯಾಮಿಲಿ ರೆಸ್ಟೋರೆಂಟ್ ಆ್ಯಂಡ್ ಬಾರ್' ಅಂತ ಬೋರ್ಡು, ಕಪ್ಪು ಗಾಜಿನ ಬಾಗಿಲು. ಸಂಜೆ ಏಳರ ಹೊತ್ತಿಗೆ ಹೋಗಿ. ಒಳಗೆ ಕಾಲಿಟ್ಟ ಕೂಡಲೇ ಊದಿನಕಡ್ಡಿ ವಾಸನೆ ಬರುತ್ತದೆ. ಕೌಂಟರ್ ಮೇಲ್ಗಡೆ ಕಟೀಲು ದುರ್ಗಾಪರಮೇಶ್ವರಿ, ಪಕ್ಕದಲ್ಲಿ ಶಿರಡಿ ಸಾಯಿಬಾಬಾ, ಸುತ್ತ ಮಿಣಿಮಿಣಿ ಸೀರಿಯಲ್ ಲೈಟು. ಅದರ ಕೆಳಗಿನ ಸಾಲಿನಲ್ಲೇ ಓಲ್ಡ್ ಮಾಂಕ್ ರಮ್ ಬಾಟಲಿಗಳು. ಯಾರಿಗೂ ಅದು ವಿಚಿತ್ರ ಅನಿಸುವುದಿಲ್ಲ.

ಕೂತ ಕೂಡಲೇ ಚಖ್ನಾ ಬರುತ್ತದೆ. ಉಪ್ಪು ಹಚ್ಚಿದ ಶೇಂಗಾ, ಬೇಯಿಸಿದ ಕಡಲೆ, ಕೆಲವು ಕಡೆ ಸೌತೆಕಾಯಿ ಹೋಳು. ಇದಕ್ಕೆ ದುಡ್ಡಿಲ್ಲ. ಬಟ್ಟಲು ಖಾಲಿಯಾದರೆ ಕೇಳದೆಯೇ ತುಂಬುತ್ತಾರೆ. ವೇಟರ್ ಪೆಗ್ ಅಳತೆಯನ್ನು ನಿಮ್ಮ ಕಣ್ಣೆದುರಿಗೇ ಗ್ಲಾಸಿಗೆ ಬಗ್ಗಿಸಿ, ಕೊನೆಯ ಹನಿ ಬೀಳುವ ತನಕ ಒಂದು ಕ್ಷಣ ಹಾಗೇ ಹಿಡಿದಿರುತ್ತಾನೆ. ಆಮೇಲೆ ಸೋಡಾ ಎಷ್ಟು, ನೀರು ಎಷ್ಟು ಅಂತ ಹುಬ್ಬಿನಲ್ಲೇ ಕೇಳುತ್ತಾನೆ. ಎರಡನೆಯದಕ್ಕೆ ಹೆಸರು ಹೇಳಬೇಕಾಗಿಲ್ಲ, "ರಿಪೀಟ್" ಅಂದರೆ ಸಾಕು. ಬಿಯರ್ ಆದರೆ ಖಾಲಿ ಬಾಟಲಿಯನ್ನು ಟೇಬಲ್ ಕಾಲಿನ ಹತ್ತಿರ ಸಾಲಾಗಿ ಇಟ್ಟಿರುತ್ತಾರೆ. ಲೆಕ್ಕದ ಪುಸ್ತಕ ಅದೇ. ವೇಟರುಗಳು ಈಗ ಹೆಚ್ಚಾಗಿ ಜಾರ್ಖಂಡ್, ಉತ್ತರ ಪ್ರದೇಶ, ನೇಪಾಳದ ಹುಡುಗರು. ಆದರೆ ಕೌಂಟರಿನಲ್ಲಿ ಕೂತವರಿಗೆ "ಶೆಟ್ರೇ, ಊರು ಯಾವುದು?" ಅಂತ ಕನ್ನಡದಲ್ಲಿ ಕೇಳಿ ನೋಡಿ. ಹುಬ್ಬಳ್ಳಿ ಅಂದರೂ ಸಾಕು, ಊರಿನವರು ಅನ್ನುವ ಲೆಕ್ಕದಲ್ಲೇ ಮಾತಿಗೆ ಇಳಿಯುತ್ತಾರೆ. ಅಡುಗೆಮನೆಯಲ್ಲಿ ಇವತ್ತು ಏನು ತಾಜಾ ಇದೆ ಅನ್ನುವುದು ಮೆನು ಕಾರ್ಡಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಇಲ್ಲಿ ತಿನ್ನಬೇಕಾದದ್ದು ಮೀನು. ಬೊಂಬಿಲ್ ಫ್ರೈ ಮುಂಬೈಯದ್ದು, ಮೇಲೆ ಗರಿಗರಿ, ಒಳಗೆ ಬೆಣ್ಣೆ. ಹುಳಿ-ಖಾರದ ಬಂಗುಡೆ ಪುಳಿಮುಂಚಿ, ಮೀನಲ್ಲದಿದ್ದರೂ ಕೋಳಿ ಸಾರಿನ ಕೋರಿ ರೊಟ್ಟಿ ನಮ್ಮ ಕಡೆಯದು. ಎರಡೂ ಒಂದೇ ಟೇಬಲಿನಲ್ಲಿ ಸಿಗುವುದು ಈ ಊರಲ್ಲಿ. ಫೋರ್ಟ್‌ನ ಮಹೇಶ್ ಲಂಚ್ ಹೋಮ್, ಅಪೂರ್ವ ಇವೆಲ್ಲ ಇದೇ ಬೇರಿನಿಂದ ಬೆಳೆದ ದೊಡ್ಡ ಹೆಸರುಗಳು. ಅಲ್ಲಿ ಏಡಿ ತಿಂದರೆ ಬಿಲ್ಲೂ ದೊಡ್ಡದೇ. ಪರ್ಮಿಟ್ ರೂಮಿನಲ್ಲಿ ಎಸಿ ಸೆಕ್ಷನ್, ನಾನ್ ಎಸಿ ಸೆಕ್ಷನ್ ರೇಟು ಬೇರೆ ಬೇರೆ ಇರುತ್ತದೆ, ಕೂರುವ ಮುಂಚೆ ನೋಡಿಕೊಳ್ಳಿ. ಗುಂಪಿನಲ್ಲಿ ಹೆಂಗಸರಿದ್ದರೆ ಮೇಲ್ಗಡೆಯ ಫ್ಯಾಮಿಲಿ ಸೆಕ್ಷನ್ ವಾಸಿ. ಕೆಳಗೆ ಬೈಯುವವರಿಲ್ಲ, ನೋಡುವವರಿದ್ದಾರೆ.

ಎರಡನೇ ಸಂಜೆ ಕೊಲಾಬಾ. ಲಿಯೋಪೋಲ್ಡ್ ಕೆಫೆ 1871ರದ್ದು. 2008ರ ನವೆಂಬರ್ 26ರ ಉಗ್ರರ ದಾಳಿಯ ಗುಂಡಿನ ಗುರುತುಗಳು ಅಲ್ಲಿ ಹಾಗೇ ಇವೆ. ಪ್ರವಾಸಿಗರು ಫೋಟೋ ತೆಗೆಯುತ್ತಾ ಇರುತ್ತಾರೆ. ನನಗೆ ಅಲ್ಲಿ ಕೂತು ಬಿಯರ್ ಇಳಿಯುವುದಿಲ್ಲ, ನಿಮ್ಮಿಷ್ಟ. ಸ್ವಲ್ಪ ಮುಂದೆ ಕೆಫೆ ಮೊಂಡೆಗಾರ್ ಇದೆ. ಗೋಡೆ ತುಂಬಾ ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡಾ ಚಿತ್ರಗಳು. ಬಿಯರ್ ಬರುವ ತನಕ ಒಂದೊಂದೇ ಮೂಗು, ಒಂದೊಂದೇ ಹೊಟ್ಟೆ ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಬಜೆಟ್ ನೋಡಿದರೆ ಮಾತ್ರ ತಾಜ್ ಹೋಟೆಲಿನ ಹಿಂದಿನ ಬೀದಿಯ ಗೋಕುಲ್ ಸರಿ. ಕಾಲೇಜು ಹುಡುಗರು, ವಕೀಲರು, ಬ್ಯಾಗು ಹೊತ್ತ ವಿದೇಶಿಯರು ಎಲ್ಲ ಭುಜಕ್ಕೆ ಭುಜ ತಾಗಿಸಿ ಕೂತಿರುತ್ತಾರೆ. ಹೊರಗೆ ಬಂದರೆ ಅದೇ ಬೀದಿಯಲ್ಲಿ ಬಡೇಮಿಯಾದ ಕಬಾಬ್ ಹೊಗೆ. ತಾಜ್ ಒಳಗೆ ಹಾರ್ಬರ್ ಬಾರ್ ಇದೆ, 1933ರದ್ದು, ಮುಂಬೈಯ ಮೊದಲ ಲೈಸೆನ್ಸ್ ಬಾರ್ ಅದೇ. ಕಿಟಕಿಯಾಚೆ ಗೇಟ್‌ವೇ ಆಫ್ ಇಂಡಿಯಾ, ಸಮುದ್ರ. ಅಲ್ಲಿನ ಒಂದು ಕಾಕ್‌ಟೇಲ್ ದುಡ್ಡಿಗೆ ಗೋಕುಲ್‌ನಲ್ಲಿ ಇಬ್ಬರ ಸಂಜೆ ಮುಗಿಯುತ್ತದೆ. ಆದರೂ ಕೈಯಲ್ಲಿ ದುಡ್ಡಿದ್ದರೆ ಒಂದೇ ಒಂದು ಡ್ರಿಂಕ್ ತಗೊಂಡು ಅರ್ಧ ಗಂಟೆ ಕೂತು ಬನ್ನಿ. ದುಬಾರಿ ಜಾಗ ಒಂದೇ ನೋಡುವುದಾದರೆ ನನ್ನ ಓಟು ಅದಕ್ಕೆ.

ಮೂರನೆಯದು ಬಾಂದ್ರಾ. ಪಾಲಿ ನಾಕಾದ ಜನತಾ ಹೆಸರಿಗೆ ಲಂಚ್ ಹೋಮ್, ರಾತ್ರಿ ನೋಡಿದರೆ ಅರ್ಧ ಸಿನಿಮಾದವರು. ಅಂದರೆ ಸಿನಿಮಾಕ್ಕೆ ಬರಬೇಕು ಅಂತ ಇರುವವರು. ಪಕ್ಕದ ಟೇಬಲಿನಲ್ಲಿ ಆಡಿಷನ್ ಸುದ್ದಿ ಬಿಟ್ಟು ಬೇರೆ ಮಾತಿಲ್ಲ. ಹತ್ತಿರದಲ್ಲೇ ಟೋಟೋಸ್ ಗ್ಯಾರೇಜ್. ಬಾರ್ ಕೌಂಟರಿನ ಮೇಲೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರು, ಹಳೆ ಇಂಗ್ಲಿಷ್ ರಾಕ್ ಹಾಡುಗಳು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಷ್ಟು ಜೋರು. ನಲವತ್ತು ದಾಟಿದವರೂ ಕೂತಲ್ಲೇ ಕುಣಿಯುವ ಜಾಗ. ಸಣ್ಣ ಪ್ರಮಾಣದಲ್ಲಿ ತಯಾರಿಸುವ ಕ್ರಾಫ್ಟ್ ಬಿಯರ್ ಇಷ್ಟ ಇದ್ದರೆ ಡೂಲಾಲಿ ಇದೆ. ಪುಣೆಯಲ್ಲಿ 2009ರಲ್ಲಿ ಶುರುವಾದದ್ದು, ಇಲ್ಲಿ ಅಂಧೇರಿ, ಖಾರ್ ಕಡೆ ಬಂತು. ಕೇರಂ, ಲೂಡೋ ಥರದ ಬೋರ್ಡ್ ಗೇಮ್ ಇಟ್ಟಿರುತ್ತಾರೆ. ಕುಡಿಯದ ಗೆಳೆಯರಿಗೂ ಹೊತ್ತು ಹೋಗುತ್ತದೆ.

ಲೋವರ್ ಪರೇಲ್ ಕೊನೆಯ ರಾತ್ರಿಗೆ. ಕಮಲಾ ಮಿಲ್ಸ್, ಮಥುರಾದಾಸ್ ಮಿಲ್ಸ್ ಇವೆಲ್ಲ ಹೆಸರಿಗೆ ತಕ್ಕಂತೆ ಬಟ್ಟೆ ಗಿರಣಿಗಳೇ ಆಗಿದ್ದವು. 1982ರಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಮುಷ್ಕರ ಆಯಿತು, ಲಕ್ಷಾಂತರ ಗಿರಣಿ ಕೆಲಸಗಾರರು ಬೀದಿಗೆ ಬಂದರು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಆ ಜಾಗದಲ್ಲಿ ಆಫೀಸು, ಮಾಲು, ಪಬ್ಬು ಬಂದವು. ಬೆಂಗಳೂರಿನ ಬ್ರೂ ಪಬ್ ಟಾಯ್ಟ್ ಕೂಡ ಇಲ್ಲಿಗೆ ಬಂದಿದೆ. ಸಂಗೀತ, ಬೆಳಕು, ಜನ ಎಲ್ಲ ಚೆನ್ನಾಗಿದೆ, ಹುರುಪಿದೆ. ಒಂದೇ ಮಾತು: 2017ರ ಡಿಸೆಂಬರ್ ಕೊನೆಯಲ್ಲಿ ಕಮಲಾ ಮಿಲ್ಸ್‌ನ ಟೆರೇಸ್ ಪಬ್‌ಗಳಲ್ಲಿ ಬೆಂಕಿ ಬಿದ್ದು 14 ಜನ ಸತ್ತರು. ಅವತ್ತಿನಿಂದ ನಾನು ಯಾವುದೇ ಪಬ್‌ಗೆ ಹೋದರೂ ಮೊದಲು ಹೊರಗೆ ಹೋಗುವ ಇನ್ನೊಂದು ಬಾಗಿಲು ಎಲ್ಲಿದೆ ಅಂತ ನೋಡಿಯೇ ಕೂರುವುದು. ಗೆಳೆಯರು ನಗುತ್ತಾರೆ, ನಗಲಿ. ಎತ್ತರದಿಂದ ಊರು ನೋಡಲೇಬೇಕು ಅಂತಿದ್ದರೆ ವರ್ಲಿಯ ಫೋರ್ ಸೀಸನ್ಸ್ ಹೋಟೆಲಿನ 34ನೇ ಮಹಡಿಯಲ್ಲಿ ಏರ್ ಅನ್ನುವ ಬಾರ್ ಇದೆ. ಸೂರ್ಯ ಮುಳುಗುವ ಮುಂಚೆ ಹೋಗಿ, ಒಂದು ತಗೊಂಡು ಇಳಿದುಬಿಡಿ. ಚಪ್ಪಲಿ, ಶಾರ್ಟ್ಸ್ ಹಾಕಿಕೊಂಡು ಹೋಗಬೇಡಿ.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಅಂತ ಸೇರಿಸಿದ್ದರೆ ಅದು ಕಡ್ಡಾಯ ಅಲ್ಲ. ತೆಗೆಯಿರಿ ಅಂತ ಕೇಳಬಹುದು. 2022ರಲ್ಲೇ ಗ್ರಾಹಕ ಪ್ರಾಧಿಕಾರ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಪರ್ಮಿಟ್ ರೂಮಿನಲ್ಲಿ ಈ ತಕರಾರೇ ಇಲ್ಲ. ಸೋಂಪಿನ ತಟ್ಟೆಯಲ್ಲಿ ಟಿಪ್ಸ್ ಇಟ್ಟು ಎದ್ದರೆ ಆಯಿತು.

ಡಾನ್ಸ್ ಬಾರ್ ಬಗ್ಗೆ ನೀವು ಕೇಳಿಲ್ಲ, ಆದರೆ ಹುಬ್ಬಳ್ಳಿಯಿಂದ ಬಂದ ಮೂವರು ಗಂಡಸರಲ್ಲಿ ಒಬ್ಬನಾದರೂ ಕೇಳಿಯೇ ಕೇಳುತ್ತಾನೆ. 2005ರಲ್ಲಿ ಸರ್ಕಾರ ಮುಚ್ಚಿಸಿತು, ಸಾವಿರಾರು ಹೆಣ್ಣುಮಕ್ಕಳ ಕೆಲಸ ಹೋಯಿತು. ಸುಪ್ರೀಂ ಕೋರ್ಟು 2013ರಲ್ಲಿ ಆ ನಿಷೇಧ ಸರಿಯಲ್ಲ ಅಂದಿತು. ಸರ್ಕಾರ 2016ರಲ್ಲಿ ಹೊಸ ಕಾನೂನು ತಂದಿತು, 2019ರಲ್ಲಿ ಕೋರ್ಟು ಅದರಲ್ಲೂ ಕೆಲವು ಷರತ್ತು ತೆಗೆಯಿತು. ಈಗ ಇರುವುದು ಹೆಚ್ಚಾಗಿ ಹಾಡುವವರಿರುವ ಆರ್ಕೆಸ್ಟ್ರಾ ಬಾರ್‌ಗಳು. ಪೊಲೀಸ್ ರೇಡು ಆಗುತ್ತಲೇ ಇರುತ್ತದೆ, ಬಿಲ್ಲು ಹೇಗೆ ಬೆಳೆಯುತ್ತದೆ ಅನ್ನುವುದು ದೇವರಿಗೇ ಗೊತ್ತು. ಬಿಟ್ಟುಬಿಡಿ. ಹಾಗೇ ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದವಳು ಇಂಥದ್ದೇ ಬಾರ್‌ಗೆ ಬಾ ಅಂತ ಹಟ ಹಿಡಿದರೆ ಹೋಗಬೇಡಿ. ಅವಳು ಎರಡು ಡ್ರಿಂಕ್ ಮುಗಿಸಿ ಎದ್ದು ಹೋಗುತ್ತಾಳೆ. ಹತ್ತಾರು ಸಾವಿರದ ಬಿಲ್ಲು ನಿಮ್ಮ ಮುಂದೆ, ಬಾಗಿಲಲ್ಲಿ ಬೌನ್ಸರ್. ನನ್ನ ಆಫೀಸಿನ ಹುಡುಗನೊಬ್ಬ ಹೀಗೇ ಸಿಕ್ಕಿಬಿದ್ದು ಒಂದು ತಿಂಗಳ ಸಂಬಳ ಕಟ್ಟಿ ಬಂದ.

ಇನ್ನು ಗಂಟೆ ಲೆಕ್ಕ. ಬಾರ್‌ಗಳು ಹೆಚ್ಚೆಂದರೆ ಒಂದೂವರೆಗೆ ಮುಚ್ಚುತ್ತವೆ. ಲೋಕಲ್ ಟ್ರೈನು ಅಲ್ಲಿಯವರೆಗೆ ಕಾಯುವುದಿಲ್ಲ. ಚರ್ಚ್‌ಗೇಟ್‌ನಿಂದ ಬೊರಿವಲಿ ಕಡೆಗೆ ಕೊನೆಯದು ಒಂದು ಗಂಟೆಯ ಆಸುಪಾಸು, ಸಿಎಸ್‌ಎಂಟಿಯಿಂದ (ಹಳೆಯ ವಿ.ಟಿ. ಸ್ಟೇಷನ್) ಡೊಂಬಿವಲಿ ಕಡೆಗೆ ಅದಕ್ಕೂ ಮುಂಚೆ. ಅದಕ್ಕೇ ಮುಂಬೈಯಲ್ಲಿ ಸಂಜೆ ಬೇಗ ಶುರುವಾಗುತ್ತದೆ. ಆಫೀಸು ಬಿಟ್ಟವರು ಏಳಕ್ಕೆ ಕೂತು ಹತ್ತೂವರೆಗೆ ಏಳುತ್ತಾರೆ. ಹನ್ನೊಂದಕ್ಕೆ ಬರುವವರು ಕಾರಿನವರು. ನೀವು ರೂಮನ್ನು ಮೊದಲು ನೋಡಿಕೊಂಡು ಬಾರ್ ಆಮೇಲೆ ಆರಿಸಿ. ಅಂಧೇರಿಯಲ್ಲಿ ಉಳಿದುಕೊಂಡು ದಿನಾ ಕೊಲಾಬಾಕ್ಕೆ ಬಂದರೆ ಕುಡಿದದ್ದಕ್ಕಿಂತ ಕ್ಯಾಬ್ ದುಡ್ಡೇ ಜಾಸ್ತಿ. ಬೈಕು, ಕಾರು ತರುವ ಯೋಚನೆ ಇದ್ದರೆ ಬೇಡ. ನಾಕಾಬಂದಿ, ಅಂದರೆ ಪೊಲೀಸ್ ತಪಾಸಣೆ, ಎಲ್ಲಿ ಬೇಕಾದರೂ ಇರುತ್ತದೆ. ಕುಡಿದು ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲೂ ಆಗಬಹುದು.

ಕುಡಿಯದ ಗೆಳೆಯರನ್ನು ಸುಮ್ನೆ ಶೇಂಗಾ ತಿನ್ನಲು ಕರೆದುಕೊಂಡು ಬರಬೇಡಿ, ಪಾಪ. ಮೇಲಿನ ನಾಲ್ಕರಲ್ಲಿ ಒಂದನ್ನು ಬಿಟ್ಟು ಒಂದು ರಾತ್ರಿ ಅವರ ಲೆಕ್ಕದಲ್ಲಿರಲಿ. ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ನಿನ ಹಾಲ್‌ನಲ್ಲಿ ಅವತ್ತು ಏನಾದರೂ ಕಾರ್ಯಕ್ರಮ ಇದೆಯಾ ವಿಚಾರಿಸಿ. ನಾಟಕವೋ ಯಕ್ಷಗಾನವೋ ಸಿಕ್ಕರೆ ನಿಮ್ಮ ಅದೃಷ್ಟ. ಆಮೇಲೆ ಮರೀನ್ ಡ್ರೈವ್‌ನ ಕಟ್ಟೆಯ ಮೇಲೆ ಕೂತರೆ ಸೈಕಲ್ ಚಾಯ್‌ವಾಲಾ ತಾನಾಗಿ ಹತ್ತಿರ ಬರುತ್ತಾನೆ.

ಬುಕ್ ಮಾಡುವ ಮುಂಚೆ ಕ್ಯಾಲೆಂಡರ್ ನೋಡಿಕೊಳ್ಳಿ. ಆಷಾಢ ಏಕಾದಶಿ, ಅನಂತ ಚತುರ್ದಶಿ, ಆಗಸ್ಟ್ 15, ಅಕ್ಟೋಬರ್ 2 ಇಲ್ಲಿ ಡ್ರೈ ಡೇ. ಎಲೆಕ್ಷನ್ ಇದ್ದರೆ ಮತದಾನ ಮುಗಿಯುವ ಮುಂಚಿನ 48 ಗಂಟೆಯೂ ಬಂದ್. ಯಾವ ವಾರ ಬರುತ್ತೀರಿ, ಎಲ್ಲಿ ಉಳಿಯುತ್ತೀರಿ ಹೇಳಿದರೆ ಹತ್ತಿರದ ಪರ್ಮಿಟ್ ರೂಮ್ ಯಾವುದು ಅಂತ ಹೇಳುತ್ತೇನೆ.