ಫಿಕ್ಸರ್‌ನಲ್ಲಿ ಅದ್ದಿದ ಮೇಲೂ ಕಪ್ಪು-ಬಿಳುಪು ಫಿಲ್ಮ್ ಹಾಲಿನಂತೆ ಮಸುಕಾಗಿರುವುದೇಕೆ?

ಫಿಕ್ಸಿಂಗ್, ಅಂದರೆ ಡೆವಲಪ್ ಆದ ಫಿಲ್ಮಿನಲ್ಲಿ ಉಳಿದ ಬೆಳ್ಳಿಯ ಲವಣವನ್ನು ತೆಗೆಯುವ ಕೆಲಸ, ಪೂರ್ತಿಯಾಗಿಲ್ಲ ಎಂಬುದೇ ಕಾರಣ. ಹೊಸದಾಗಿ ಬೆರೆಸಿದ ಫಿಕ್ಸರ್‌ನಲ್ಲಿ ಮತ್ತೆ ಅದ್ದಿದರೆ ಈ ಮಸುಕು ಸಾಮಾನ್ಯವಾಗಿ ಹೋಗುತ್ತದೆ.

ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್, ಬೆಳಕು ಬಿದ್ದ ಬೆಳ್ಳಿಯ ಲವಣವನ್ನಷ್ಟೇ ಕಪ್ಪು ಬೆಳ್ಳಿಯಾಗಿ ಮಾರ್ಪಡಿಸುತ್ತದೆ. ಬೆಳಕು ಬೀಳದ ಲವಣ ಹಾಗೆಯೇ ಉಳಿಯುತ್ತದೆ, ಹಾಲಿನ ಛಾಯೆ ಅದರದ್ದೇ. ನೀರಿಗೆ ಕರಗದ ಈ ಲವಣವನ್ನು ಫಿಕ್ಸರಿನಲ್ಲಿರುವ ಥಯೋಸಲ್ಫೇಟ್, ಅಂದರೆ ಹಳೆಯ ಸ್ಟುಡಿಯೋದವರು ‘ಹೈಪೋ’ ಎನ್ನುತ್ತಿದ್ದ ವಸ್ತು, ಕರಗುವ ಸಂಯುಕ್ತವಾಗಿಸಿ ಹೊರಗೆಳೆಯುತ್ತದೆ. ಈ ಗುಣವನ್ನು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಶೆಲ್ 1819ರಲ್ಲೇ, ಛಾಯಾಗ್ರಹಣ ಬಳಕೆಗೆ ಬರುವ ಮೊದಲೇ, ಗುರುತಿಸಿದ್ದರು. ಬಳಸಿದಂತೆಲ್ಲ ಫಿಕ್ಸರಿನಲ್ಲಿ ಬೆಳ್ಳಿ ತುಂಬಿಕೊಂಡು ಅದರ ಶಕ್ತಿ ಕುಗ್ಗುತ್ತದೆ.

ಆದ್ದರಿಂದ ಗಡಿಯಾರಕ್ಕಿಂತ ತುಂಡು ಫಿಲ್ಮನ್ನು ನಂಬುವುದು ಲೇಸು. ರೋಲಿನ ತುದಿಯಿಂದ ಕತ್ತರಿಸಿದ ಚೂರನ್ನು ಬೆಳಕಿನಲ್ಲೇ ಫಿಕ್ಸರಿಗೆ ಹಾಕಿ, ಅದು ಪಾರದರ್ಶಕವಾಗಲು ಹಿಡಿದ ಸಮಯದ ಎರಡು ಪಟ್ಟು (ಟಿ-ಮ್ಯಾಕ್ಸ್, ಡೆಲ್ಟಾದಂಥ ಫಿಲ್ಮಿಗೆ ಮೂರು ಪಟ್ಟು) ಹೊತ್ತು ಇಡೀ ರೋಲನ್ನು ಇಡಬೇಕು. ಹೊಸ ಫಿಕ್ಸರಿನಲ್ಲಿ ಹಿಡಿದದ್ದಕ್ಕಿಂತ ಚೂರು ತಿಳಿಯಾಗಲು ದುಪ್ಪಟ್ಟು ಸಮಯ ಬೇಕಾದರೆ ಆ ದ್ರಾವಣವನ್ನು ಕೈಬಿಡುವುದೇ ಸರಿ.

ನಮ್ಮ ಚಿಕ್ಕಮಗಳೂರಿನಲ್ಲಿ ಡಿಸೆಂಬರಿನ ಬೆಳಗ್ಗೆ ನಲ್ಲಿಯ ನೀರು ಕೊರೆಯುತ್ತಿರುತ್ತದೆ, ತಣ್ಣನೆಯ ಫಿಕ್ಸರ್ ನಿಧಾನವಾಗಿ ಕೆಲಸ ಮಾಡುತ್ತದೆ. ನಾನು ಬಾಟಲಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ, ಥರ್ಮಾಮೀಟರ್ 20 ಡಿಗ್ರಿ ಸೆಲ್ಸಿಯಸ್ ತೋರಿಸಿದ ಮೇಲೆಯೇ ಫಿಲ್ಮ್ ಟ್ಯಾಂಕಿಗೆ ಸುರಿಯುತ್ತೇನೆ. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಇರುವುದರಿಂದ ಅದನ್ನು ಹಿತ್ತಲ ಗಿಡಗಳಿಗೆ ಚೆಲ್ಲಬಾರದು.