ಮಾಟಗಾತಿಯರೂ ಒಂದು ಕತ್ತರಿಯೂ

(ಜರ್ಮನ್ ಕಲಾವಿದ ಹಾನ್ಸ್ ಬಾಲ್ಡುಂಗ್ ಗ್ರೀನ್ 1510ರಲ್ಲಿ ಮಾಡಿದ ಮಾಟಗಾತಿಯರ ಮರದಚ್ಚಿನ ಚಿತ್ರವನ್ನು ಕಳೆದ ಸಂಚಿಕೆಯಲ್ಲಿ ಪುಟ ತುಂಬ ಪ್ರಕಟಿಸಿದ್ದೆವು. ‘ಬೆತ್ತಲೆ ಹೆಂಗಸರು, ಎಲುಬು, ಮಾಟ. ಇಂಥ ಚಿತ್ರಗಳೇ ಅಲ್ಲವೇ ನಿರಪರಾಧಿಗಳನ್ನು ಸುಡಿಸಿದ್ದು? ಇದನ್ನು ಕಲೆಯೆಂದು ಮೆರೆಸುವುದೇಕೆ?’ ಎಂದು ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ.)

ಮಾನ್ಯರೇ,

ತಮ್ಮ ಕಳವಳ ಸುಳ್ಳಲ್ಲ. ಮಾಟಗಾತಿಯರನ್ನು ಪತ್ತೆಹಚ್ಚಿ ಶಿಕ್ಷಿಸುವ ಬಗೆಯನ್ನು ವಿವರಿಸುವ ಕುಖ್ಯಾತ ಕೈಪಿಡಿ 1486ರ ಸುಮಾರಿಗೆ ಜರ್ಮನಿಯ ಸ್ಪೈಯರ್ ಪಟ್ಟಣದಲ್ಲಿ ಅಚ್ಚಾಗಿತ್ತು. ಬಾಲ್ಡುಂಗ್ ಬದುಕಿದ್ದ ಸ್ಟ್ರಾಸ್‌ಬುರ್ಗ್ ಅಲ್ಲಿಗೆ ದೂರವೇನಲ್ಲ. ಆದರೆ ಆ ಪ್ರಾಂತ್ಯಗಳಲ್ಲಿ ಮಾಟಗಾತಿಯರ ದೊಡ್ಡ ಪ್ರಮಾಣದ ಬೇಟೆ ನಡೆದದ್ದು ಆತ 1545ರಲ್ಲಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಚಿತ್ರದ ತಲೆಗೆ ಕೊಲೆ ಕಟ್ಟುವ ಮುನ್ನ ದಯವಿಟ್ಟು ಆ ಪುಟವನ್ನು ಇನ್ನೊಮ್ಮೆ ತೆರೆಯಿರಿ.

ಅಲ್ಲಿನ ಕತ್ತಲೆ ಬರಿಯ ಕಪ್ಪು ಶಾಯಿಯದಲ್ಲ. ಚಿತ್ರಕ್ಕೆ ಬಳಸಿದ್ದು ಎರಡು ಮರದಚ್ಚು: ಒಂದು ಕಪ್ಪು ಗೆರೆಗಳನ್ನು ಒತ್ತುತ್ತದೆ, ಇನ್ನೊಂದು ಕಂದು ಅಥವಾ ಬೂದು ಬಣ್ಣವನ್ನು ಹಾಸುತ್ತದೆ. ಆ ಎರಡನೆಯ ಅಚ್ಚಿನಲ್ಲಿ ಉಳಿಯಿಂದ ಕೆತ್ತಿ ತೆಗೆದ ಕಡೆಯೆಲ್ಲ ಕಾಗದದ ಬಿಳಿಯೇ ಉಳಿದು, ಭುಜದ ಮೇಲೆ, ತೊಡೆಯ ಮೇಲೆ, ಗಡಿಗೆಯಿಂದ ಚಿಮ್ಮುವ ಹೊಗೆಯ ಮೇಲೆ ಬೆಂಕಿಯ ಬೆಳಕಾಗುತ್ತದೆ. ಮೇಲೆ ಒಬ್ಬಳು ಮೇಕೆಯ ಮೇಲೆ ಹಿಂದುಮುಂದಾಗಿ ಕುಳಿತು, ಕವಲುಗೋಲಿಗೆ ಎಲುಬು ತುಂಬಿದ ಮಡಕೆಯನ್ನು ಸಿಕ್ಕಿಸಿಕೊಂಡು ಹಾರುತ್ತಿದ್ದಾಳೆ. ಹೆದರಿಕೆಯೂ ಮೋಹವೂ ನಗೆಯೂ ಒಂದೇ ಗೆರೆಯಲ್ಲಿ ಬೆರೆತಿರುವುದರಿಂದಲೇ ಅದು ನಮ್ಮನ್ನು ಕಾಡುತ್ತದೆ.

ನಗೆ ಎಂದೆ. 1514ರಲ್ಲಿ ಇದೇ ಕಲಾವಿದ ಮೂವರು ಬೆತ್ತಲೆ ಮಾಟಗಾತಿಯರನ್ನು ಬರೆದು ಹೊಸವರ್ಷದ ಶುಭಾಶಯವಾಗಿಸಿದ. ಅದರಲ್ಲಿನ ಒಕ್ಕಣೆ ಒಬ್ಬ ಪಾದ್ರಿಯನ್ನು ಕುರಿತದ್ದೆಂದು ವಿದ್ವಾಂಸರು ಓದುತ್ತಾರೆ. ಅದೇ ದಿನಗಳಲ್ಲಿ (1512–1516) ಆತ ಫ್ರೈಬುರ್ಗ್‌ನ ಚರ್ಚಿಗೆ ಮೇರಿಮಾತೆಯ ಕಿರೀಟಧಾರಣೆಯನ್ನು ಬಿಡಿಸುತ್ತಿದ್ದ. ದೇವಪೀಠಕ್ಕೂ ಪೋಲಿತನಕ್ಕೂ ದುಡಿದದ್ದು ಒಂದೇ ಕೈ. 1528ರಲ್ಲಿ ಹೆಸರಾಂತ ಜರ್ಮನ್ ಚಿತ್ರಕಾರ ಡ್ಯೂರರ್ ಸತ್ತಾಗ ಆ ಗುರುವಿನ ತಲೆಗೂದಲಿನ ಒಂದು ಎಳೆಗಟ್ಟು ಬಂದು ಸೇರಿದ್ದೂ ಈ ಶಿಷ್ಯನ ಕೈಯನ್ನೇ; ಅದು ಈಗ ವಿಯೆನ್ನಾದ ಕಲಾ ಅಕಾಡೆಮಿಯಲ್ಲಿದೆ.

ಹಾಗೆಂದು ಬಾಲ್ಡುಂಗ್ ಹೆಂಗಸರ ಪಕ್ಷಪಾತಿಯೆಂದು ನಾನು ವಾದಿಸಲಾರೆ. ಅದು ಗಂಡಿನ ಕಣ್ಣೇ, ಮುದಿ ಹೆಂಗಸಿನ ಮೈಯನ್ನು ಕಂಡರೆ ಹೇಸುವ ಕಣ್ಣೇ. ಆದರೆ ಅದನ್ನು ತಿಳಿಯಬೇಕಾದರೂ ಚಿತ್ರವನ್ನು ಇಡಿಯಾಗಿ ನೋಡಬೇಕಷ್ಟೆ?

ಬಹಳ ಹಿಂದೆ ನಾನಿದ್ದ ಪತ್ರಿಕೆಯೊಂದರಲ್ಲಿ ಇಂಥದೇ ಚಿತ್ರವನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿ, ನನ್ನ ಮೂರು ಪುಟದ ವ್ಯಾಖ್ಯಾನವನ್ನು ಮಾತ್ರ ಅಕ್ಷರವೂ ಬಿಡದೆ ಅಚ್ಚು ಹಾಕಿದರು. ಓದುಗರು ಮೆಚ್ಚಿ ಬರೆದರು. ಚಿತ್ರವೆಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ನಮ್ಮಲ್ಲಿ ಕಲೆಯ ಬರವಣಿಗೆ ಇಂದಿಗೂ ‘ಇದರ ಸಂದೇಶವೇನು’ ಎಂಬಲ್ಲೇ ಶುರುವಾಗಿ ಅಲ್ಲೇ ಮುಗಿಯುತ್ತದೆ. ತಾವು ಕೋಪದಿಂದಲಾದರೂ ನೋಡಿದಿರಿ, ಎಲುಬುಗಳನ್ನೂ ಬಿಡದೆ ಗಮನಿಸಿದಿರಿ. ಅದಕ್ಕಾಗಿ ನಾನು ಕೃತಜ್ಞ. ಮುಂದಿನ ಸಂಚಿಕೆಯಲ್ಲಿ ಅದೇ ಚಿತ್ರದ ಬೂದು ಬಣ್ಣದ ಪ್ರತಿಯನ್ನು ಪ್ರಕಟಿಸುತ್ತೇವೆ, ಪುಟ ತುಂಬ.

— ಸಂ.